ಮಗುವಿಗೆ ಬಿಲ್ಲು ಮಾಡಿಕೊಡುವ ಮುನ್ನ: ಬಿದಿರಿನ ಬಾಗು ಮತ್ತು ಬಾಣದ ತುದಿ

"ಆಟದ ಬಿಲ್ಲು ತಾನೇ, ಅದರಿಂದ ಏನಾಗುತ್ತೆ ಬಿಡಿ." ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಹಳ್ಳಿಗಳಲ್ಲಿ ಮಕ್ಕಳು ಬಿಲ್ಲು ಬಾಣ ಹಿಡಿದು ಓಡುವಾಗ ದೊಡ್ಡವರ ಬಾಯಲ್ಲಿ ಸಾಮಾನ್ಯವಾಗಿ ಬರುವ ಮಾತಿದು. ಬಿದಿರ ದಬ್ಬೆಯೊಂದನ್ನು ಬಗ್ಗಿಸಿ, ಎರಡು ತುದಿಗೂ ಸುತಲಿ ಬಿಗಿದು, ಪೊರಕೆಯಿಂದ ನಾಲ್ಕು ಹಂಚಿಕಡ್ಡಿ ಕಿತ್ತುಕೊಂಡರೆ ಆಟ ಶುರು. ಬಿಲ್ಲು ಎರಡೇ ದಿನಕ್ಕೆ ಮುರಿಯುತ್ತದೆ, ಮಗು ಇನ್ನೊಂದು ದಬ್ಬೆ ಹುಡುಕುತ್ತದೆ.

ಈ ಆಟದ ಸುತ್ತ ಎರಡು ನಂಬಿಕೆಗಳಿವೆ. ದಪ್ಪ ಕಡ್ಡಿ ಹಾಕಿದರೆ ಬಿಲ್ಲು ಬಾಳಿಕೆ ಬರುತ್ತದೆ ಎನ್ನುವುದು ಒಂದು. ಬಿಲ್ಲಿಗೆ ಬಲವಿಲ್ಲದಿದ್ದರೆ ಅಪಾಯವೂ ಇಲ್ಲ ಎನ್ನುವುದು ಇನ್ನೊಂದು. ಎರಡೂ ತಪ್ಪು. ಮೊದಲನೆಯ ತಪ್ಪಿನಿಂದ ಬಿಲ್ಲು ಹಾಳಾಗುತ್ತದೆ, ಎರಡನೆಯದರಿಂದ ಕಣ್ಣು ಹೋಗಬಹುದು.

ಹಾಗೆಂದು ಬಿಲ್ಲೇ ಬೇಡ ಎನ್ನುವ ಪಕ್ಷ ನನ್ನದಲ್ಲ. ಬಿಲ್ಲುಗಾರಿಕೆ ಮಗುವಿಗೆ ಕೊಡುವ ಏಕಾಗ್ರತೆಯನ್ನು ಮೊಬೈಲ್ ಆಟ ಕೊಡುವುದಿಲ್ಲ. ರಾಜಸ್ಥಾನದ ಆದಿವಾಸಿ ಕುಟುಂಬದಲ್ಲಿ ಹುಟ್ಟಿ ಬಿದಿರಿನ ಬಿಲ್ಲಿನಲ್ಲೇ ಕೈ ಪಳಗಿಸಿಕೊಂಡ ಲಿಂಬಾ ರಾಮ್ 1988, 1992 ಮತ್ತು 1996ರ ಮೂರು ಒಲಿಂಪಿಕ್ಸ್‌ಗಳಲ್ಲಿ ಭಾರತವನ್ನು ಪ್ರತಿನಿಧಿಸಿದರು. ನಮ್ಮ ದೇಶದ ಬಿಲ್ಲುಗಾರಿಕೆ ಸ್ಪರ್ಧೆಗಳಲ್ಲಿ ಬಿದಿರು, ಮರದ ಬಿಲ್ಲಿಗೆಂದೇ 'ಇಂಡಿಯನ್ ರೌಂಡ್' ಎಂಬ ವಿಭಾಗ ಇಂದಿಗೂ ಇದೆ. ಇನ್ನು ಎಚ್.ಡಿ. ಕೋಟೆಯಿಂದ ಬಾವಲಿ ಗಡಿ ದಾಟಿದರೆ ಸಿಗುವ ವಯನಾಡು ಕುರಿಚ್ಯ ಬಿಲ್ಲುಗಾರರ ನೆಲ. ಪಳಶ್ಶಿ ರಾಜನ ಪರವಾಗಿ ನಿಂತ ಅವರು ತಲಕ್ಕಲ್ ಚಂದುವಿನ ಮುಂದಾಳತ್ವದಲ್ಲಿ 1802ರಲ್ಲಿ ಪನಮರಂ ಕೋಟೆಯಲ್ಲಿದ್ದ ಬ್ರಿಟಿಷ್ ಪಡೆಯ ಮೇಲೆ ಬಿದ್ದದ್ದು ಬಿಲ್ಲು ಬಾಣ ಹಿಡಿದೇ. ಬಿಲ್ಲು ಮೂಲತಃ ಆಟಿಕೆಯಲ್ಲ, ಅದನ್ನು ನಾವು ಆಟಿಕೆ ಮಾಡಿಕೊಳ್ಳುತ್ತಿದ್ದೇವೆ ಎಂಬುದು ನೆನಪಿನಲ್ಲಿದ್ದರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಬಿಲ್ಲು ಒಂದು ಸ್ಪ್ರಿಂಗ್

ಹೆದೆ ಎಳೆಯಲು ಮಗುವಿಗೆ ಒಂದೆರಡು ಸೆಕೆಂಡು ಬೇಕು. ಆ ಹೊತ್ತಿನಲ್ಲಿ ತೋಳು ಹಾಕಿದ ಶಕ್ತಿಯೆಲ್ಲ ಬಾಗಿದ ದಬ್ಬೆಯ ನಾರುಗಳಲ್ಲಿ ಕೂಡಿಕೊಳ್ಳುತ್ತದೆ. ಬೆರಳು ಸಡಿಲಿಸಿದಾಗ ಅದೇ ಶಕ್ತಿ ಸೆಕೆಂಡಿನ ನೂರರಲ್ಲಿ ಮೂರ್ನಾಲ್ಕು ಭಾಗದಷ್ಟು ಹೊತ್ತಿನಲ್ಲಿ ಹೊರಗೆ ಬರುತ್ತದೆ. ನಿಧಾನವಾಗಿ ತುಂಬಿ ಒಮ್ಮೆಲೇ ಸುರಿಯುವುದೇ ಬಿಲ್ಲಿನ ಚಮತ್ಕಾರ. ಕೈಯಿಂದ ಎಸೆದ ಕಡ್ಡಿ ಹತ್ತಡಿ ಹೋಗಿ ಬೀಳುವಾಗ ಬಿಲ್ಲಿನಿಂದ ಹೊರಟ ಕಡ್ಡಿ ಅಂಗಳ ದಾಟುವುದು ಇದಕ್ಕೇ.

ಬಾಗಿದ ದಬ್ಬೆಯ ಒಳಗೆ ಏನಾಗುತ್ತಿದೆ ಎಂದು ನೋಡೋಣ. ಗುರಿಯ ಕಡೆಗಿರುವ ಮುಖ ಹಿಗ್ಗುತ್ತದೆ, ನಮ್ಮ ಕಡೆಗಿರುವ ಮುಖ ಕುಗ್ಗುತ್ತದೆ. ಹಿಗ್ಗುವ ಮುಖದಲ್ಲಿ ಒಂದು ನಾರು ಕಡಿದಿದ್ದರೆ ಅಲ್ಲಿಂದಲೇ ಸೀಳು ಶುರುವಾಗಿ ಬಿಲ್ಲು ಎರಡು ತುಂಡಾಗುತ್ತದೆ. ಕುಗ್ಗುವ ಮುಖ ಸಾಮಾನ್ಯವಾಗಿ ಮುರಿಯುವುದಿಲ್ಲ. ಮಿತಿ ಮೀರಿ ಅದುಮಿದರೆ ಅಲ್ಲಿನ ನಾರು ಹಿಂದಿನ ಸ್ಥಿತಿಗೆ ಮರಳದೆ ಅದುಮಿಕೊಂಡೇ ಉಳಿಯುತ್ತದೆ. ಹೆದೆ ಬಿಚ್ಚಿದ ಮೇಲೂ ಬಿಲ್ಲು ಸೊಟ್ಟಗೇ ಇದ್ದರೆ ಆಗಿರುವುದು ಇದೇ.

ಇಲ್ಲಿಂದ ಒಂದು ತಮಾಷೆಯ ಸತ್ಯ ಹೊರಡುತ್ತದೆ. ಕ್ಯಾಲೆಂಡರಿನ ರಾಮನ ಕೈಯಲ್ಲಿ, ದೇವಸ್ಥಾನದ ಗೋಡೆಯಲ್ಲಿ, ಊರ ಬಾಗಿಲ ವೀರಗಲ್ಲಿನಲ್ಲಿ ಬಿಲ್ಲು ಯಾವಾಗಲೂ ಬಾಗಿಯೇ ಇರುತ್ತದೆ. ಅದನ್ನು ನೋಡಿ ಮಕ್ಕಳು, ಎಷ್ಟೋ ಸಲ ಅಪ್ಪಂದಿರೂ, ಮೊದಲೇ ಬಾಗಿರುವ ಕೊಂಬೆ ಹುಡುಕಿ ಹೊರಡುತ್ತಾರೆ. ಚಿತ್ರದಲ್ಲಿರುವುದು ಹೆದೆ ಏರಿಸಿದ ಬಿಲ್ಲು. ಹೆದೆ ಏರಿಸುವ ಮೊದಲು ಅದು ಹೆಚ್ಚು ಕಡಿಮೆ ನೆಟ್ಟಗಿರಬೇಕು. ನೆಟ್ಟಗಿರುವುದನ್ನು ಬಾಗಿಸಿದಾಗಲೇ ಶಕ್ತಿ ತುಂಬಿಕೊಳ್ಳುವುದು. ಮೊದಲೇ ಬಾಗಿರುವ ಕೊಂಬೆಗೆ ಹೆದೆ ಕಟ್ಟಿದರೆ ಬಿಲ್ಲಿನಂತೆ ಕಾಣುತ್ತದೆ ಅಷ್ಟೆ, ಬಾಣಕ್ಕೆ ವೇಗ ಇರುವುದಿಲ್ಲ.

ದಪ್ಪದ ಲೆಕ್ಕ ಇನ್ನೂ ಸ್ವಾರಸ್ಯದ್ದು. ದಬ್ಬೆಯ ಅಗಲ ಎರಡರಷ್ಟಾದರೆ ಅದರ ಬಿಗುವು ಎರಡರಷ್ಟಾಗುತ್ತದೆ. ದಪ್ಪ ಎರಡರಷ್ಟಾದರೆ ಬಿಗುವು ಎಂಟು ಪಟ್ಟು. 10 ಮಿ.ಮೀ. ದಪ್ಪದಿಂದ ಒಂದೇ ಒಂದು ಮಿ.ಮೀ. ಹೆರೆದರೆ ಬಿಗುವು ಕಾಲು ಭಾಗಕ್ಕಿಂತ ಹೆಚ್ಚು ಇಳಿದುಹೋಗುತ್ತದೆ. ಅಂದರೆ ದಬ್ಬೆಯಲ್ಲಿ ಒಂದು ಕಡೆ ಸ್ವಲ್ಪ ತೆಳುವಾಗಿದ್ದರೂ ಬಾಗೆಲ್ಲ ಅಲ್ಲೇ ಆಗುತ್ತದೆ, ಉಳಿದ ಭಾಗ ಸುಮ್ಮನೆ ಇರುತ್ತದೆ. ಆಗ ಎಷ್ಟು ದಪ್ಪ ಕಡ್ಡಿ ಹಾಕಿದರೂ ಆ ಒಂದು ಜಾಗದಲ್ಲಿ ಮುರಿಯಲೇಬೇಕು. ದಪ್ಪ ಹೆಚ್ಚಾದಷ್ಟೂ ಅದೇ ಬಾಗಿಗೆ ಹೊರ ನಾರು ಇನ್ನಷ್ಟು ಹಿಗ್ಗಬೇಕಾಗುವುದರಿಂದ ದಪ್ಪ ಬಿಲ್ಲು ಬೇಗ ಮುರಿಯುವುದೂ ಉಂಟು. ಬಾಳಿಕೆಯ ಗುಟ್ಟು ಉದ್ದದಲ್ಲಿದೆ, ಎಲ್ಲ ಕಡೆ ಒಂದೇ ಸಮನಾಗಿ ಬಾಗುವುದರಲ್ಲಿದೆ.

ಯಾವ ಮರ?

ಹುಣಸೂರು ಎಂದರೆ ಟಿಂಬರ್ ಡಿಪೊ ನೆನಪಾಗುತ್ತದೆ, ಹಾಗಾಗಿ ತೇಗದ ರೀಪು ಕೈಗೆ ಸಿಗುವುದು ಕಷ್ಟವಲ್ಲ. ಆದರೆ ಬಾಗಿಲು ಕಿಟಕಿಗೆ ಹೇಳಿ ಮಾಡಿಸಿದಂಥ ತೇಗ ಬಿಲ್ಲಿನಷ್ಟು ಬಾಗಿದರೆ ಪಟ್ಟನೆ ಮುರಿಯುವ ಸ್ವಭಾವದ್ದು. ಈ ಭಾಗದ ಕಾಡಿನಲ್ಲಿ ಬಿಲ್ಲಿಗೆ ಹೆಸರಾದ ಮರ ತಡಸಲು. ಸಂಸ್ಕೃತದಲ್ಲಿ ಅದಕ್ಕೆ ಧನುರ್ವೃಕ್ಷ ಎಂದೇ ಹೆಸರು. ಬಳುಕುವ, ಏಟು ತಡೆಯುವ ಗುಣದಿಂದಾಗಿ ಉಪಕರಣಗಳ ಕಾವು, ಗಾಡಿಯ ಭಾಗಗಳಿಗೆ ಅದನ್ನು ಬಳಸುತ್ತಾ ಬಂದಿದ್ದಾರೆ. ಮಗುವಿನ ಆಟಕ್ಕೆಂದು ತಡಸಲು ಮರ ಕಡಿಯಲು ಹೊರಡಬೇಡಿ. ನಾಗರಹೊಳೆ 1988ರಲ್ಲಿ ರಾಷ್ಟ್ರೀಯ ಉದ್ಯಾನವಾದ ಕಾಡು, ಅಲ್ಲಿಂದ ಒಂದು ಕೊಂಬೆ ತಂದರೂ ಅಪರಾಧ.

ನಮಗೆ ಬಿದಿರೇ ಸಾಕು, ಬಿದಿರೇ ಮೇಲು. (ಮರದ ಬಿಲ್ಲಿನ ಮಾತು ಶುರುಮಾಡಿ ಹುಲ್ಲಿನ ಹತ್ತಿರ ಬಂದೆವು. ಸಸ್ಯಶಾಸ್ತ್ರದ ಪ್ರಕಾರ ಬಿದಿರು ಹುಲ್ಲಿನ ಜಾತಿ.) ಬಿದಿರಿನ ಗೋಡೆಯನ್ನು ಅಡ್ಡಲಾಗಿ ಕತ್ತರಿಸಿ ನೋಡಿದರೆ ಹೊರ ಸಿಪ್ಪೆಯ ಬಳಿ ಕಪ್ಪು ಚುಕ್ಕೆಗಳು ಒತ್ತೊತ್ತಾಗಿ, ಒಳಗೆ ಹೋದಂತೆ ವಿರಳವಾಗಿ ಕಾಣುತ್ತವೆ. ಆ ಚುಕ್ಕೆಗಳೇ ಗಟ್ಟಿ ನಾರಿನ ಕಟ್ಟುಗಳು. ಅಂದರೆ ಎಳೆತ ತಡೆಯುವ ಬಲವೆಲ್ಲ ಸಿಪ್ಪೆಯ ಕಡೆ. ಬಿಲ್ಲಿನಲ್ಲಿ ಹಿಗ್ಗುವುದು ಗುರಿಯ ಕಡೆಯ ಮುಖ ಎಂದೆವಲ್ಲ, ಹಾಗಾಗಿ ಸಿಪ್ಪೆ ಗುರಿಯ ಕಡೆಗಿರಬೇಕು. ಹೆರೆಯುವ ಕೆಲಸವೆಲ್ಲ ಒಳಮುಖದಲ್ಲಿ. ಸಿಪ್ಪೆಗೆ ಮಚ್ಚು ತಾಗಿಸಬಾರದು, ಗಿಣ್ಣಿನ ಉಬ್ಬನ್ನು ಮಾತ್ರ ಉಪ್ಪುಕಾಗದದಲ್ಲಿ ಹದವಾಗಿ ಉಜ್ಜಬಹುದು. ನಾನು ನೋಡಿರುವ ಮುರಿದ ಬಿಲ್ಲುಗಳಲ್ಲಿ ಹೆಚ್ಚಿನವು ಸಿಪ್ಪೆ ತೆಗೆದು ನುಣುಪು ಮಾಡಿದವು. ನೋಡಲು ಚೆಂದ, ಬಾಳಿಕೆ ಇಲ್ಲ.

ಬಿದಿರನ್ನು ಮೇದರ ಬಳಿಯೋ, ಏಣಿ ಮತ್ತು ಸಾರುವೆ ಗಳ ಮಾರುವ ಅಂಗಡಿಯಲ್ಲೋ ಕೊಳ್ಳುವುದು ಸುಲಭ. ಜಮೀನಿನ ಬೇಲಿಯಲ್ಲೇ ಮೆಳೆ ಇದ್ದರೆ ಇನ್ನೂ ಒಳ್ಳೆಯದು. 2017ರಲ್ಲಿ ಭಾರತೀಯ ಅರಣ್ಯ ಕಾಯ್ದೆಗೆ ತಿದ್ದುಪಡಿ ತಂದು ಕಾಡಿನ ಹೊರಗೆ ಬೆಳೆದ ಬಿದಿರನ್ನು 'ಮರ' ಎಂಬ ಪಟ್ಟಿಯಿಂದ ತೆಗೆಯಲಾಗಿದೆ. ಕಾಡಿನ ಒಳಗಿನ ಬಿದಿರಿಗೆ ಇದು ಅನ್ವಯಿಸುವುದಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಬಿದಿರನ್ನು ಕಿರು ಅರಣ್ಯ ಉತ್ಪನ್ನವೆಂದು ಹೆಸರಿಸಿ ಅರಣ್ಯವಾಸಿಗಳ ಹಕ್ಕನ್ನು ಗುರುತಿಸಿದೆ, ಅದು ಆ ಸಮುದಾಯಗಳಿಗೆ ಸಂಬಂಧಿಸಿದ್ದು.

ಅಮಾವಾಸ್ಯೆ ಮುಂದೆ ಕಡಿದರೆ ಹುಳು ಹಿಡಿಯಲ್ಲವೇ?

ಬಿದಿರು ಕಡಿಯುವವರು ಕತ್ತಲ ಪಕ್ಷ ನೋಡುತ್ತಾರೆ. ಬೆಳದಿಂಗಳಲ್ಲಿ ಕಡಿದರೆ ಕುಟ್ಟೆ ಹಿಡಿದು ಪುಡಿಯಾಗುತ್ತದೆ ಎನ್ನುವುದು ನಂಬಿಕೆ. ಇದನ್ನು ಪೂರ್ತಿ ಮೂಢನಂಬಿಕೆ ಎಂದು ತಳ್ಳಿಹಾಕುವ ಮೊದಲು ಹುಳು ಬರುವುದು ಏತಕ್ಕೆ ಎಂದು ನೋಡಬೇಕು. ಬಿದಿರನ್ನು ಕೊರೆಯುವ ಪುಟ್ಟ ದುಂಬಿಗಳಿಗೆ ಬೇಕಾಗಿರುವುದು ಅದರೊಳಗಿನ ಪಿಷ್ಟ. ಎಳೆ ಬಿದಿರಿನಲ್ಲಿ, ಮತ್ತು ಹೊಸ ಕಳಲೆ ಏಳುವ ಮುಂಚಿನ ತಿಂಗಳುಗಳಲ್ಲಿ ಪಿಷ್ಟ ಹೆಚ್ಚು. ಮಳೆಗಾಲ ಮುಗಿದು ಕಳಲೆಗಳೆಲ್ಲ ಬೆಳೆದ ಮೇಲೆ ಕಡಿಮೆ. ಹಾಗಾಗಿ ಮೂರು ವರ್ಷ ದಾಟಿದ ಗಳವನ್ನು ಮಳೆಗಾಲ ಕಳೆದು ಚಳಿ ಬಿದ್ದ ಮೇಲೆ ಕಡಿಯುವುದು ಖಂಡಿತ ಸರಿ. ಚಂದ್ರನ ಪಾತ್ರಕ್ಕೆ ವಯಸ್ಸು, ಋತುಗಳಿಗಿರುವಷ್ಟು ಗಟ್ಟಿ ಆಧಾರವಿಲ್ಲ. ಕಡಿದ ಗಳವನ್ನು ಕೆರೆಯಲ್ಲೋ ಹೊಂಡದಲ್ಲೋ ಎರಡು ಮೂರು ವಾರ ಮುಳುಗಿಸಿ ಇಡುವ ಹಳೆಯ ಪದ್ಧತಿ ಮಾತ್ರ ನಿಜಕ್ಕೂ ಕೆಲಸ ಮಾಡುತ್ತದೆ, ಏಕೆಂದರೆ ನೀರು ಸಕ್ಕರೆ ಮತ್ತು ಪಿಷ್ಟದ ಒಂದು ಭಾಗವನ್ನು ಹೊರಗೆಳೆಯುತ್ತದೆ.

ಹಸಿ ಬಿದಿರಿನಲ್ಲಿ ಬಿಲ್ಲು ಮಾಡಿದರೆ ಒಂದೇ ವಾರದಲ್ಲಿ ಸೊಟ್ಟಗಾಗುತ್ತದೆ. ದಬ್ಬೆ ಸೀಳಿ ನೆರಳಿನಲ್ಲಿ ಗಾಳಿಯಾಡುವ ಕಡೆ ಒಣಗಿಸಿ. ಎಷ್ಟು ದಿನ ಎನ್ನುವುದಕ್ಕೆ ಒಂದು ಸರಳ ಪರೀಕ್ಷೆ ಇದೆ. ಅಡುಗೆಮನೆಯ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ ಬರೆದಿಡಿ, ತೂಕ ಇಳಿಯುವುದು ನಿಂತರೆ ಒಣಗಿದೆ ಎಂದರ್ಥ. ಹಾಗೆಂದು ಅತಿಯಾಗಿ ಒಣಗಿಸುವುದೂ ತಪ್ಪು. ಹುಣಸೂರು, ಪಿರಿಯಾಪಟ್ಟಣದ ತಂಬಾಕು ಬ್ಯಾರನ್‌ಗಳಲ್ಲಿ ಸೊಪ್ಪು ನೇತುಹಾಕಿದ ಕಡ್ಡಿಗಳನ್ನು ಮಕ್ಕಳು ಬಿಲ್ಲಿಗೆ ಎತ್ತಿಕೊಳ್ಳುವುದುಂಟು. ಸೊಪ್ಪು ಹದ ಮಾಡುವಾಗ ಒಳಗಿನ ಬಿಸಿ ಕೊನೆಯ ಹಂತದಲ್ಲಿ 70 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋಗುತ್ತದೆ. ವರ್ಷ ವರ್ಷ ಆ ಬಿಸಿ ಉಂಡ ಕಡ್ಡಿಯಲ್ಲಿ ಬಳುಕೇ ಉಳಿದಿರುವುದಿಲ್ಲ, ಎಳೆದರೆ ಚೂರು ಚೂರಾಗಿ ಮುಖಕ್ಕೆ ಸಿಡಿಯಬಹುದು. ಹೂ ಬಿಟ್ಟು ಒಣಗಿ ನಿಂತ ಬಿದಿರೂ ಬೇಡ. ಕಳೆದ ದಶಕದ ಆರಂಭದಲ್ಲಿ ನಾಗರಹೊಳೆ, ವಯನಾಡಿನ ಕಡೆ ಬಿದಿರು ಸಾಮೂಹಿಕವಾಗಿ ಹೂ ಬಿಟ್ಟಾಗ ಅಂಥ ಒಣ ಮೆಳೆಗಳನ್ನು ಎಲ್ಲರೂ ನೋಡಿದ್ದಾರೆ. ನಿಂತಲ್ಲೇ ಹುಳು ಹಿಡಿದ ಆ ಗಳಕ್ಕೆ ಒಲೆಯೇ ಸರಿಯಾದ ಜಾಗ.

ಅಳತೆ ಮತ್ತು ಬಾಗು

ಬಿಲ್ಲಿನ ಉದ್ದ ಸುಮಾರಾಗಿ ಮಗುವಿನ ಎತ್ತರದಷ್ಟು ಇರಲಿ. 120 ಸೆಂ.ಮೀ. ಎತ್ತರದ, ಏಳು ವರ್ಷದ ಮಗು ಎಂದುಕೊಳ್ಳೋಣ. ಎರಡೂ ಕೈ ಚಾಚಿದಾಗಿನ ಅಳತೆಯನ್ನು ಎರಡೂವರೆಯಿಂದ ಭಾಗಿಸಿದರೆ ಮಗು ಹೆದೆಯನ್ನು ಎಷ್ಟು ದೂರ ಎಳೆಯಬಲ್ಲದು ಎಂಬ ಅಂದಾಜು ಸಿಗುತ್ತದೆ. ಇಲ್ಲಿ ಅದು 48 ಸೆಂ.ಮೀ. ಬಿಲ್ಲು ಇದರ ಎರಡೂಕಾಲು ಪಟ್ಟಿಗಿಂತ ಗಿಡ್ಡವಾದರೆ ಮುರಿಯುವ ಸಂಭವ ಹೆಚ್ಚು. ಹಿಡಿಯ ಬಳಿ 3 ಸೆಂ.ಮೀ. ಅಗಲ, 10 ಮಿ.ಮೀ. ದಪ್ಪ, ತುದಿಗಳಲ್ಲಿ ಒಂದೂವರೆ ಸೆಂ.ಮೀ. ಅಗಲ, 7 ಮಿ.ಮೀ. ದಪ್ಪ. ಇದು ಕೆಲಸ ಶುರುಮಾಡುವ ಅಳತೆ, ಮುಗಿದಾಗ ಇದಕ್ಕಿಂತ ತೆಳುವಾಗಿರುತ್ತದೆ. ತುದಿಯಿಂದ ಒಂದೂವರೆ ಸೆಂ.ಮೀ. ಒಳಗೆ ಎರಡೂ ಪಕ್ಕದಲ್ಲಿ ಹೆದೆ ಕೂರಲು ಕಚ್ಚು ಮಾಡಿ. ಸಿಪ್ಪೆಯ ಮೇಲೆ ಕಚ್ಚು ಹೋಗದಿರಲಿ.

ಇನ್ನು ನಿಜವಾದ ಕೆಲಸ. ಮಚ್ಚು ಬದಿಗಿಡಿ. ಅರ, ಒಡೆದ ಗಾಜಿನ ಚೂರು (ದಪ್ಪ ಬಟ್ಟೆ ಸುತ್ತಿ ಹಿಡಿಯಿರಿ, ಮಗು ದೂರ ಇರಲಿ), ಉಪ್ಪುಕಾಗದ ಇವಿಷ್ಟೇ ಸಾಕು. ತಿಳಿಬಣ್ಣದ ಗೋಡೆಗೆ ಒಂದು ಗೂಟ ಬಡಿದು, ಬಿಲ್ಲಿನ ಹಿಡಿಯನ್ನು ಅದರ ಮೇಲೆ ಅಡ್ಡಲಾಗಿ ಕೂರಿಸಿ, ಸಡಿಲ ಹೆದೆಯನ್ನು ಕೆಳಕ್ಕೆ ಎಳೆಯಿರಿ. ಒಬ್ಬರು ಎಳೆಯಲಿ, ಇನ್ನೊಬ್ಬರು ಐದಾರು ಹೆಜ್ಜೆ ದೂರ ನಿಂತು ನೋಡಲಿ. ಮೊಬೈಲಿನಲ್ಲಿ ಫೋಟೊ ತೆಗೆದರೆ ಇನ್ನೂ ಸ್ಪಷ್ಟವಾಗುತ್ತದೆ. ಎರಡೂ ತೋಳು ಒಂದೇ ತರಹ ಬಾಗುತ್ತಿವೆಯೇ? ನೆಟ್ಟಗೇ ನಿಂತ ಜಾಗವಿದ್ದರೆ ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ, ಒಳಮುಖದಲ್ಲಿ ಹತ್ತು ಸಲ ಹೆರೆಯಿರಿ. ಮತ್ತೆ ಗೂಟಕ್ಕೆ ಹಾಕಿ, ಇಪ್ಪತ್ತು ಸಲ ಮೆಲ್ಲಗೆ ಎಳೆದು ಬಿಡದೆ ಇಳಿಸಿ, ಮತ್ತೆ ನೋಡಿ. ಕೊಂಕಿದಂತೆ ಹೆಚ್ಚು ಬಾಗುವ ಜಾಗ ಕಂಡರೆ ಅದನ್ನು ಮುಟ್ಟಲೇಬಾರದು, ಅದರ ಆಚೀಚೆ ಹೆರೆಯಬೇಕು. ದಪ್ಪದ ಲೆಕ್ಕ ನೆನಪಿದೆಯಲ್ಲ, ಒಂದು ಮಿ.ಮೀ.ಗೆ ಕಾಲು ಭಾಗ ಬಿಗುವು. ಹೆರೆದದ್ದನ್ನು ಮತ್ತೆ ಅಂಟಿಸಲಾಗುವುದಿಲ್ಲ. ಈ ಕೆಲಸಕ್ಕೆ ಅರ್ಧ ದಿನ ಹಿಡಿಯುತ್ತದೆ, ಮತ್ತು ಬಿಲ್ಲು ಎರಡು ದಿನ ಬಾಳುತ್ತದೋ ಎರಡು ವರ್ಷವೋ ಎಂಬುದು ಇಲ್ಲೇ ತೀರ್ಮಾನವಾಗುತ್ತದೆ.

ಎಷ್ಟು ಬಿಗಿಯಾಗಿರಬೇಕು? ಏಳೆಂಟು ವರ್ಷದ ಮಗುವಿಗೆ 3ರಿಂದ 4 ಕೆ.ಜಿ. ಸಾಕು. ಅಳೆಯುವುದು ಹೀಗೆ: ಬಿಲ್ಲು ಗೂಟದ ಮೇಲಿರುವಾಗ ಹೆದೆಯ ನಡುವಿಗೆ 4 ಲೀಟರ್ ನೀರು ತುಂಬಿದ ಕ್ಯಾನ್ ನೇತುಹಾಕಿ. ಬಿಲ್ಲಿನಿಂದ ಹೆದೆ 48 ಸೆಂ.ಮೀ. ದೂರಕ್ಕೆ ಇಳಿದರೆ ನಿಮ್ಮ ಬಿಲ್ಲು 4 ಕೆ.ಜಿ.ಯದ್ದು. ಅಷ್ಟು ಇಳಿಯದಿದ್ದರೆ ಎರಡೂ ತೋಳನ್ನು ಸಮನಾಗಿ ಇನ್ನಷ್ಟು ಹೆರೆಯಬೇಕು. ಮಗು ಬಿಗಿ ಬಿಲ್ಲನ್ನು ಎಳೆಯಲು ಒದ್ದಾಡುವಾಗ ಕೈ ನಡುಗಿ ಬಾಣ ಎತ್ತಲೋ ಹಾರುತ್ತದೆ. ಇನ್ನಷ್ಟು ಗಟ್ಟಿ ಇರಲಿ, ಬೆಳೆಯುತ್ತಾನಲ್ಲ ಎನ್ನುವುದು ಚಪ್ಪಲಿಗೆ ಸರಿ, ಬಿಲ್ಲಿಗಲ್ಲ.

ಹೆದೆಗೆ ಹಿಗ್ಗದ ದಾರ ಬೇಕು. ಪಾಲಿಯೆಸ್ಟರ್ ದಾರ ಅಥವಾ ಚಪ್ಪಲಿ ಹೊಲಿಯುವ ಗಟ್ಟಿ ದಾರವನ್ನು ನಾಲ್ಕೈದು ಎಳೆ ಸೇರಿಸಿ ಹೊಸೆದರೆ ಚೆನ್ನಾಗಿರುತ್ತದೆ. ನೈಲಾನ್ ಹಿಗ್ಗುತ್ತದೆ, ಸುತಲಿ ಸವೆದು ಹಠಾತ್ತಾಗಿ ತುಂಡಾಗುತ್ತದೆ. ಬೈಕಿನ ಕ್ಲಚ್ ವೈರನ್ನು ಯಾರಾದರೂ ಸಲಹೆ ಮಾಡಿದರೆ ಕೇಳಬೇಡಿ. ಹಿಡಿಗೆ ಹಳೆಯ ಸೈಕಲ್ ಟ್ಯೂಬ್ ಸುತ್ತಿದರೆ ಬೆವರಿಗೂ ಜಾರುವುದಿಲ್ಲ.

ಅಪಾಯ ಇರುವುದು ಬಾಣದ ತುದಿಯಲ್ಲಿ

ಈ 4 ಕೆ.ಜಿ. ಬಿಲ್ಲಿನ ಲೆಕ್ಕ ಹಾಕೋಣ. ಹೆದೆ ಸುಮಾರು 32 ಸೆಂ.ಮೀ. ಹಿಂದೆ ಸರಿಯುತ್ತದೆ, ತುಂಬಿಕೊಳ್ಳುವ ಶಕ್ತಿ 6 ಜೂಲ್ ಆಸುಪಾಸು. ಅದರಲ್ಲಿ ಅರ್ಧ ಮಾತ್ರ ಬಾಣಕ್ಕೆ ಸಿಕ್ಕರೂ 15 ಗ್ರಾಂ ತೂಕದ ಬಾಣ ಗಂಟೆಗೆ 70 ಕಿ.ಮೀ. ವೇಗದಲ್ಲಿ ಹೊರಡುತ್ತದೆ. ಮೈಸೂರು ರಸ್ತೆಯಲ್ಲಿ ಬಸ್ಸು ಹೋಗುವ ವೇಗ. ಏಳು ವರ್ಷದ ಮಗು ಎಳೆಯಬಲ್ಲ 'ಬಲವಿಲ್ಲದ' ಬಿಲ್ಲಿನ ಕತೆ ಇದು.

ಆ ಶಕ್ತಿ ಎಷ್ಟು ಜಾಗದ ಮೇಲೆ ಬೀಳುತ್ತದೆ ಎನ್ನುವುದು ಎಲ್ಲಕ್ಕಿಂತ ಮುಖ್ಯ. ಹಂಚಿಕಡ್ಡಿಯ ತುದಿ ಸುಮಾರು ಒಂದು ಮಿ.ಮೀ. ಅಡ್ಡಳತೆಯದ್ದು. ಐದು ಸೆಂ.ಮೀ. ಅಡ್ಡಳತೆಯ ಮೆತ್ತನೆ ಉಂಡೆಯ ತುದಿಗೆ ಹೋಲಿಸಿದರೆ ಹಂಚಿಕಡ್ಡಿಯ ಏಟು 2500ನೇ ಒಂದು ಭಾಗದಷ್ಟು ಜಾಗದಲ್ಲಿ ಬೀಳುತ್ತದೆ. ಕಣ್ಣಿನ ಮುಂಭಾಗದ ಪಾರದರ್ಶಕ ಪದರ ಕಾರ್ನಿಯಾ ನಡುವಿನಲ್ಲಿ ಅರ್ಧ ಮಿ.ಮೀ. ದಪ್ಪವಷ್ಟೇ ಇರುವುದು. ಹಗುರವಾದ ಹಂಚಿಕಡ್ಡಿಗೂ ಅದು ಹೆಚ್ಚಿನ ತಡೆಯಲ್ಲ.

ಬಾಣ ಹಗುರವಾದಷ್ಟೂ ಬಿಲ್ಲಿಗೂ ಕೆಟ್ಟದ್ದು. ಬಾಣ ಒಯ್ಯದೆ ಬಿಟ್ಟ ಶಕ್ತಿಯನ್ನು ಬಿಲ್ಲೇ ನುಂಗಬೇಕಾಗುತ್ತದೆ. ಬಾಣವಿಲ್ಲದೆ ಬರಿ ಹೆದೆ ಎಳೆದು ಬಿಡಬಾರದು ಎಂದು ಹಿರಿಯರು ಗದರುವುದಕ್ಕೆ ಇದೇ ಕಾರಣ, ಇದು ಮೂಢನಂಬಿಕೆಯಲ್ಲ.

ಹಾಗಾಗಿ ಬಾಣಕ್ಕೆ ಸಣ್ಣ ಬೆರಳಿಗಿಂತ ತೆಳುವಾದ, ನೆಟ್ಟಗಿನ ಬಿದಿರ ಕಡ್ಡಿ ತೆಗೆದುಕೊಳ್ಳಿ. ಉದ್ದ ಮಗು ಎಳೆಯುವ ಅಳತೆಗಿಂತ ಹತ್ತು ಸೆಂ.ಮೀ. ಹೆಚ್ಚಿರಲಿ, ಇಲ್ಲದಿದ್ದರೆ ಪೂರ್ತಿ ಎಳೆದಾಗ ತುದಿ ಬಿಲ್ಲಿನಿಂದ ಒಳಗೆ ಜಾರಿ ಕೈಗೆ ಚುಚ್ಚುತ್ತದೆ. ತುದಿಗೆ ಹಳೆ ಬಟ್ಟೆಯನ್ನೋ ಸ್ಪಂಜನ್ನೋ ಉಂಡೆ ಮಾಡಿ, ಬಿಗಿಯಾಗಿ ಹೊಲಿದು ಕಟ್ಟಬೇಕು. ಉಂಡೆ ಎಷ್ಟು ದೊಡ್ಡದಿರಬೇಕು ಎನ್ನುವುದಕ್ಕೂ ಲೆಕ್ಕವಿದೆ. ದೊಡ್ಡವರ ಕಣ್ಣಿನ ಗುಳಿ ಸುಮಾರು 4 ಸೆಂ.ಮೀ. ಅಗಲ, ಮೂರೂವರೆ ಸೆಂ.ಮೀ. ಎತ್ತರ. ಅದಕ್ಕಿಂತ ಚಿಕ್ಕ ತುದಿ ಎಷ್ಟೇ ಮೊಂಡಾಗಿದ್ದರೂ ಗುಳಿಯೊಳಗೆ ಹೋಗಿ ಕಣ್ಣುಗುಡ್ಡೆಗೆ ಗುದ್ದುತ್ತದೆ. ಐದು ಸೆಂ.ಮೀ. ಉಂಡೆಯನ್ನು ಸುತ್ತಲಿನ ಮೂಳೆ ತಡೆಯುತ್ತದೆ. ಜಾತ್ರೆಯಲ್ಲಿ ಸಿಗುವ ಪ್ಲಾಸ್ಟಿಕ್ ಬಾಣದ ರಬ್ಬರ್ ಟೊಪ್ಪಿಗೆ ಈ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ. ಸಾಲದ್ದಕ್ಕೆ ಅದು ಸಂಜೆಯೊಳಗೆ ಕಳಚಿ ಬಿದ್ದಿರುತ್ತದೆ, ಉಳಿಯುವುದು ಬರಿ ಕಡ್ಡಿ.

ಕಣ್ಣಿಗೆ ತಾಗಿದರೆ

ಬಿಲ್ಲು ಬಾಣದಿಂದ ಮಕ್ಕಳ ಕಣ್ಣಿಗಾಗುವ ಗಾಯ ಭಾರತದ ಕಣ್ಣಿನ ವೈದ್ಯರಿಗೆ ಹೊಸದಲ್ಲ, ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿದೆ. 1987ರ ಜನವರಿ 25ರಂದು ದೂರದರ್ಶನದಲ್ಲಿ 'ರಾಮಾಯಣ' ಶುರುವಾದಾಗ, 2020ರ ಮಾರ್ಚ್ 28ರಿಂದ ಲಾಕ್‌ಡೌನ್ ನಡುವೆ ಅದು ಮರುಪ್ರಸಾರವಾದಾಗ, ಮನೆಮನೆಯಲ್ಲೂ ಮಕ್ಕಳು ರಾಮ ಲಕ್ಷ್ಮಣರಾಗಿದ್ದನ್ನು ಕಂಡವರು ಅನೇಕರಿದ್ದಾರೆ. ದಸರೆ, ರಾಮನವಮಿ, ಬೇಸಿಗೆ ರಜೆ ಬಂದಾಗ ಇದು ಮತ್ತೆ ಮತ್ತೆ ನಡೆಯುವ ಆಟ.

ಕಡ್ಡಿ ಕಣ್ಣಿಗೆ ಚುಚ್ಚಿಕೊಂಡಿದ್ದರೆ ಅದನ್ನು ಕೀಳಬೇಡಿ. ಕಣ್ಣನ್ನು ಉಜ್ಜಬೇಡಿ, ಒತ್ತಬೇಡಿ, ತೊಳೆಯಬೇಡಿ. ಕಾಗದದ ಲೋಟವೊಂದನ್ನು ಕಣ್ಣಿಗೆ ತಾಗದಂತೆ ಮೇಲಿಟ್ಟು, ಅದರ ಅಂಚು ಮೂಳೆಯ ಮೇಲೆ ಕೂರುವಂತೆ ಪಟ್ಟಿ ಹಾಕಿ, ಮಗುವಿಗೆ ತಿನ್ನಲು ಕುಡಿಯಲು ಕೊಡದೆ (ಅರಿವಳಿಕೆ ಕೊಡಬೇಕಾಗಬಹುದು) ಕಣ್ಣಿನ ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೆ ಆಗಲೇ ಹೊರಡಿ. ಈ ನಾಲ್ಕೂ ತಾಲ್ಲೂಕಿನವರಿಗೆ ಅದು ಸಾಮಾನ್ಯವಾಗಿ ಮೈಸೂರು. ನಾಳೆ ಬೆಳಗ್ಗೆ ನೋಡೋಣ ಎನ್ನುವಂತಿಲ್ಲ.

ಜನರು ಹೆಚ್ಚು ಮೋಸ ಹೋಗುವುದು ಸಣ್ಣ ಗೀರಿನಲ್ಲಿ. ಕಡ್ಡಿ ಕಣ್ಣಿಗೆ ತಾಗಿ ಹಾದುಹೋಗಿದೆ, ಸ್ವಲ್ಪ ನೀರು ಸುರಿದಿದೆ, ಸಂಜೆಗೆ ಮಗು ಮತ್ತೆ ಆಡಿಕೊಂಡಿದೆ. ಆದರೆ ಗಿಡಮರದ ಕಡ್ಡಿ, ಸೋಗೆ, ಭತ್ತದ ಹುಲ್ಲು ಇವುಗಳ ಮೇಲೆ ಶಿಲೀಂಧ್ರದ ಬೀಜಕಣಗಳಿರುತ್ತವೆ. ಗೀರಿನ ಮೂಲಕ ಒಳಗೆ ಸೇರಿದ ಅವು ನಿಧಾನವಾಗಿ ಬೆಳೆಯುತ್ತವೆ. ಮೂರು ದಿನಕ್ಕೋ ವಾರಕ್ಕೋ ಕಣ್ಣು ಕೆಂಪಾಗಿ, ಬೆಳಕು ನೋಡಲಾಗದೆ, ಕಪ್ಪು ಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಾಣಿಸಿಕೊಳ್ಳುತ್ತದೆ. ದಕ್ಷಿಣ ಭಾರತದ ಹೊಲಗದ್ದೆಗಳಲ್ಲಿ ದುಡಿಯುವವರ ಕಣ್ಣಿನ ಹುಣ್ಣಿಗೆ ಇದೇ ಒಂದು ಮುಖ್ಯ ಕಾರಣ. ಇಂಥ ಹೊತ್ತಿನಲ್ಲಿ ಎದೆಹಾಲು, ಹರಳೆಣ್ಣೆ, ನಂದಿಬಟ್ಟಲು ರಸ ಹಿಂಡುವುದು ಹುಣ್ಣಿಗೆ ಹೊಸ ಸೋಂಕು ಸೇರಿಸಿದಂತೆ. ಅದಕ್ಕಿಂತ ಅಪಾಯಕಾರಿ ಇನ್ನೊಂದಿದೆ. ಮೆಡಿಕಲ್ ಅಂಗಡಿಯಲ್ಲಿ "ಕಣ್ಣು ಕೆಂಪಾಗಿದೆ, ಡ್ರಾಪ್ಸ್ ಕೊಡಿ" ಎಂದು ಕೇಳಿದಾಗ ಸಿಗುವ ಬಾಟಲಿಯಲ್ಲಿ ಸ್ಟೀರಾಯ್ಡ್ ಇರಬಹುದು. ಅದು ಕೆಂಪನ್ನು ಇಳಿಸುತ್ತದೆ, ನೋವು ಕಮ್ಮಿಯಾದಂತೆ ಅನಿಸುತ್ತದೆ, ಒಳಗೆ ಶಿಲೀಂಧ್ರ ಇನ್ನೂ ವೇಗವಾಗಿ ಹಬ್ಬುತ್ತದೆ. ಕಡ್ಡಿ ತಾಗಿದ ಕಣ್ಣಿಗೆ ವೈದ್ಯರು ನೋಡದೆ ಯಾವ ಹನಿಯೂ ಬೇಡ, ಮತ್ತು ಏನು ತಾಗಿತು ಎಂಬುದನ್ನು ವೈದ್ಯರಿಗೆ ತಪ್ಪದೆ ಹೇಳಿ. ಬೈಗುಳದ ಹೆದರಿಕೆಯಿಂದ ಮಕ್ಕಳು ಇದನ್ನು ಮುಚ್ಚಿಡುತ್ತಾರೆ, ಆದ್ದರಿಂದ ಮೊದಲು ಗದರುವುದನ್ನು ಬಿಟ್ಟು ಕೇಳಿ.

ಏಳೆಂಟು ವರ್ಷದೊಳಗಿನ ಮಕ್ಕಳಲ್ಲಿ ಇನ್ನೂ ಒಂದು ತೊಡಕಿದೆ. ಆ ವಯಸ್ಸಿನಲ್ಲಿ ಮೆದುಳು ಎರಡೂ ಕಣ್ಣಿನಿಂದ ನೋಡುವುದನ್ನು ಕಲಿಯುತ್ತಲೇ ಇರುತ್ತದೆ. ಗಾಯದ ಕಲೆಯಿಂದ ಒಂದು ಕಣ್ಣು ಕೆಲವು ತಿಂಗಳು ಮಂಜಾಗಿದ್ದರೆ ಮೆದುಳು ಅದನ್ನು ಕಡೆಗಣಿಸಲು ಶುರುಮಾಡುತ್ತದೆ. ಆಮೇಲೆ ಕಲೆ ತೆಗೆದರೂ ದೃಷ್ಟಿ ಪೂರ್ತಿ ಮರಳದೆ ಹೋಗಬಹುದು.

ಎಲ್ಲಿ ಹೂಡಬೇಕು, ಎಲ್ಲಿ ಇಡಬೇಕು

ಗೋಣಿಚೀಲಕ್ಕೆ ಭತ್ತದ ಹುಲ್ಲು ತುಂಬಿ ಗುರಿ ಮಾಡಿ, ಅದರ ಹಿಂದೆ ಹಳೆ ಕಂಬಳಿಯನ್ನು ಹಗ್ಗದ ಮೇಲೆ ಸಡಿಲವಾಗಿ ಇಳಿಬಿಡಿ. ಬಿಗಿಯಾಗಿ ಕಟ್ಟಿದ ಬಟ್ಟೆಯನ್ನು ಬಾಣ ತೂರುತ್ತದೆ, ಸಡಿಲ ಕಂಬಳಿ ತಾನೇ ಹಿಂದೆ ಸರಿದು ಬಾಣದ ವೇಗವನ್ನು ನುಂಗಿಬಿಡುತ್ತದೆ. ನೆಲದ ಮೇಲೆ ಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಎಷ್ಟೇ ಮಕ್ಕಳಿರಲಿ, ಎಲ್ಲರೂ ಗೆರೆಯ ಹಿಂದೆ. ಎಲ್ಲರ ಬಾಣ ಮುಗಿದ ಮೇಲೆ ಒಟ್ಟಿಗೇ ಹೋಗಿ ಆರಿಸಿಕೊಂಡು ಬರಬೇಕು. ಆಕಾಶಕ್ಕೆ ಹೊಡೆಯುವಂತಿಲ್ಲ, ಎದುರುಬದುರು ನಿಂತು ರಾಮ ರಾವಣ ಆಡುವಂತಿಲ್ಲ. ಹಕ್ಕಿ, ಅಳಿಲಿನ ಕಡೆ ಗುರಿ ಇಡುವಂತಿಲ್ಲ, ಅದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಅಡ್ಡ ಬರುತ್ತದೆ. ದೊಡ್ಡವರೊಬ್ಬರು ಅಲ್ಲೇ ಇರಬೇಕು. ಇದಕ್ಕೆ ಬದಲಿ ವ್ಯವಸ್ಥೆ ನನಗಂತೂ ಕಾಣುವುದಿಲ್ಲ.

ಆಟ ಮುಗಿದ ಮೇಲೆ ಹೆದೆ ಇಳಿಸಿ. ಗಂಟೆಗಟ್ಟಲೆ ಬಾಗಿಯೇ ಇದ್ದರೆ ಒಳಮುಖದ ನಾರು ಅದುಮಿಕೊಂಡು ಬಿಲ್ಲು ಸೋಲುತ್ತದೆ. ಎಚ್.ಡಿ. ಕೋಟೆಯಂಥ ಕಾಡಂಚಿನಲ್ಲಿ ಮಳೆಗಾಲದ ತೇವ ಹೆಚ್ಚು, ತಿಂಗಳಿಗೊಮ್ಮೆ ತೆಳುವಾಗಿ ಅಗಸೆ ಎಣ್ಣೆ ಸವರಿ, ಎರಡು ಮೊಳೆಗಳ ಮೇಲೆ ಅಡ್ಡಲಾಗಿ ಇಡಿ. ಮೂಲೆಗೆ ಒರಗಿಸಿಟ್ಟರೆ ಒಂದು ತೋಳು ಸೊಟ್ಟಗಾಗುತ್ತದೆ. ಬಳಸುವ ಮೊದಲು ಪ್ರತಿಸಲ ಸಿಪ್ಪೆಯ ಮೇಲೆ ಬೆರಳಾಡಿಸಿ ನೋಡಿ. ಅಡ್ಡ ಸೀಳು ಸಿಕ್ಕರೆ, ಕೂದಲೆಳೆಯಷ್ಟಿದ್ದರೂ, ಆ ಬಿಲ್ಲಿನ ಆಯುಸ್ಸು ಮುಗಿದಂತೆ. ಹೆದೆ ಬಿಚ್ಚಿಟ್ಟುಕೊಳ್ಳಿ, ಮುಂದಿನ ಬಿಲ್ಲಿಗೆ ಬರುತ್ತದೆ.